ಬಂತಾ?

ಬಿ.ಎಂ. ರಸ್ತೆಯ ಬೇಕರಿಯಲ್ಲಿ ಸಂಜೆ ಆರಕ್ಕೆ
ಎರಡನೇ ಬಟ್ಟಿ ತೆಗೆಯುತ್ತಾರೆ.
ಆ ವಾಸನೆ ನಮ್ಮ ಲ್ಯಾಬಿನ ಎರಡು ಬಾಗಿಲು ದಾಟಿ
ಬರಬಾರದು. ಬರುತ್ತದೆ.
ಕೈಗವಸು ಬಿಚ್ಚಿ ಇಳಿಯುತ್ತೇನೆ.

ಅಳಸಿಂಗಾಚಾರ್ ಒಂದು ದಿನ ಕೇಳಿದರು,
ಪೊಟ್ಟಣಕ್ಕೆ ದಾರ ಸುತ್ತುತ್ತ:
‘ಅದೇನಮ್ಮ ಮಾಡ್ತೀಯ ರಾತ್ರಿಯೆಲ್ಲ?’
ಹೇಳಿದೆ. ನಿಮ್ಮ ಈಸ್ಟಿನದೇ ಒಂದು ಕಿಣ್ವ,
ಅದನ್ನ ಮಲೇರಿಯಾ ಹುಳದೊಳಗೆ ಇಡುತ್ತೇನೆ.
ಕಿಣ್ವ ಅಂದರೆ ಹಳಬರ ಮಾತಲ್ಲಿ ಹುದುಗೇ ಅಲ್ಲವೆ, ಅಂದರು.
ನನಗೆ ಗೊತ್ತಿರಲಿಲ್ಲ.
ಇಟ್ಟು, ಮದ್ದು ಹಾಕುತ್ತೇನೆ.
ಹುಳದ ಕಿಣ್ವದ ಬಾಯಿಗೆ ಮದ್ದು ಬೆಣೆ ಬಡಿಯುತ್ತದೆ,
ಈಸ್ಟಿನದಕ್ಕೆ ಆ ಬೆಣೆ ಕೂರುವುದಿಲ್ಲ.
ಇಟ್ಟುಕೊಂಡದ್ದು ಉಳಿಯುತ್ತದೆ,
ಇಟ್ಟುಕೊಳ್ಳದ್ದು ಸಾಯುತ್ತದೆ. ಅದೇ ಗುರುತು.

‘ಉಳಿಸೋದು ಮಲೇರಿಯಾನ?’
ದಾರ ಕೈಯಲ್ಲೇ ನಿಂತಿತು.
ಅವರಕ್ಕ ಕನಕವಲ್ಲಿ, ಹದಿನಾಲ್ಕು ವರ್ಷ,
ಸಕಲೇಶಪುರದಲ್ಲಿ, ದಿನ ಬಿಟ್ಟು ದಿನ ನಡುಕ.
ನಾಲ್ಕು ರಗ್ಗು ಹೊದಿಸಿ, ಭಾರಕ್ಕೆ
ಮೇಲೆ ಇವರನ್ನು ಕೂರಿಸುತ್ತಿದ್ದರಂತೆ, ಆರು ವರ್ಷದವರನ್ನು.
‘ಮಂಚದ ಜೊತೆ ನಾನೂ ಅದುರುತ್ತಿದ್ದೆ’
ಅಂದರು, ನಕ್ಕರು, ಚಿಲ್ಲರೆ ಎಣಿಸಿ ಕೊಟ್ಟರು.

ನಾನು ಹೇಳಬೇಕಿತ್ತು:
ಒಂದು ವಂಶವಾಹಿ ಕಿತ್ತರೆ ಅದು ಹೇಗೆ ಕುಂಟುತ್ತದೆ ನೋಡಬೇಕು,
ಕಿತ್ತದ್ದು ಯಾವುದರಲ್ಲಿ ಅಂತ ತಿಳಿಯಲು ಈ ಗುರುತು.
ಹೇಳಲಿಲ್ಲ. ಬನ್ನು ತಿನ್ನುತ್ತ ಮೆಟ್ಟಿಲು ಹತ್ತಿದೆ.

ಐದನೆಯ ದಿನಕ್ಕೆ ಎಲ್ಲ ಸತ್ತಿತ್ತು,
ಕಾಣುವಷ್ಟೂ. ಮೊದಲು ಹಾಗೆ ಸಾಯಲೇಬೇಕು.
ಆಮೇಲೆ ರಕ್ತನಿಧಿಯಿಂದ ಯಾರದೋ ಓ ಪಾಸಿಟಿವ್ ತಂದು, ತೊಳೆದು,
ಇದ್ದಾವೋ ಇಲ್ಲವೋ ತಿಳಿಯದವಕ್ಕೆ ಉಣಿಸುವುದು.
ಗಾಜಿಗೆ ಸವರಿ, ನೇರಳೆ ಬಣ್ಣ ಹೊಯ್ದು
ನೂರು ನೋಟ, ಇನ್ನೂರು ನೋಟ, ಬರೀ ರಕ್ತಕಣ,
ನಡುವೆ ಹೆಬ್ಬೆರಳು ಒತ್ತಿದ ಬಿಸ್ಕತ್ತಿನ ಹಾಗೆ.

ಹದಿಮೂರು. ಹದಿನೇಳು.
ಈಗ ದಿನಾ ಅವರೇ ಕೇಳುತ್ತಾರೆ: ‘ಬಂತಾ?’
ಇಲ್ಲ.
‘ಚಳಿಗೆ ನಮ್ಮ ಹಿಟ್ಟೂ ತಡ. ಬೆಚ್ಚಗಿಡು.’
ಮೂವತ್ತೇಳು ಡಿಗ್ರಿ ಇದೆ, ಅಂದೆ.
‘ಮತ್ತೆ ಮತ್ತೆ ತೆರೆದು ನೋಡಬೇಡ.’

ಇಪ್ಪತ್ಮೂರನೆಯ ರಾತ್ರಿ ಎರಡೂವರೆಗೆ
ಒಂದು ಕಣದ ಅಂಚಿನಲ್ಲಿ ಉಂಗುರ.
ತೆಳು ನೀಲಿ ಸುತ್ತು, ಕೆಂಪು ಹರಳು.
ಕಣ್ಣೊರೆಸಿಕೊಂಡೆ. ಮುಂದಿನ ನೋಟದಲ್ಲಿ ಇನ್ನೊಂದು.
ಕೂಗಿದೆ ಅನ್ನಿಸುತ್ತದೆ,
ಕಾವಲಿನ ಸಣ್ಣಸ್ವಾಮಿ ಟಾರ್ಚು ಹಿಡಿದು ಬಂದ.
ಏನಿಲ್ಲ ಹೋಗಪ್ಪ, ಅಂದೆ.

ಕಿಟಕಿಯಾಚೆ ಬೇಕರಿಯ ಹಿಂದಿನ ದೀಪ ಹೊತ್ತಿತ್ತು,
ಹಿಟ್ಟು ನಾದುವ ಹೊತ್ತು.
ಹೋಗಿ ಏನನ್ನಲಿ?
ಬಂತು, ಅನ್ನಲೆ?
ಆ ಮನೆಯಲ್ಲಿ ಆ ಮಾತಿಗೆ ಹಳೆಯ ಅರ್ಥವೊಂದಿದೆ.
ಬಂತು ಅಂದರೆ, ರಗ್ಗು ತನ್ನಿ.