ಒಬ್ಬ ಮನುಷ್ಯ, ಗಂಟೆಗೆ ಐದು ಕಿಲೋಮೀಟರ್

ಎಂಟನೆಯ ಲೆಕ್ಕ.
ಐನೂರು ಮೀಟರ್ ಉದ್ದದ ರೈಲು,
ಗಂಟೆಗೆ ಎಂಬತ್ತೈದು ಕಿಲೋಮೀಟರ್ ವೇಗ.
ಎದುರಿನಿಂದ ಒಬ್ಬ ಮನುಷ್ಯ
ಗಂಟೆಗೆ ಐದರಂತೆ ನಡೆದು ಬರುತ್ತಿದ್ದಾನೆ.
ಅವನನ್ನು ದಾಟಲು ರೈಲಿಗೆ ಎಷ್ಟು ಹೊತ್ತು ಬೇಕು?

ಐತಪ್ಪ ಮಾಸ್ಟ್ರು ಬೋರ್ಡಿನಲ್ಲಿ ಗೆರೆ ಎಳೆದರು,
ಗೆರೆಯ ಮೇಲೊಂದು ಡಬ್ಬಿ,
ಡಬ್ಬಿಯೆದುರು ಕಡ್ಡಿಕಾಲಿನ ಒಬ್ಬ.
ಎದುರಾದರೆ ಕೂಡಿಸಿ, ಬೆನ್ನಟ್ಟಿದರೆ ಕಳೆಯಿರಿ.
ಕಿಲೋಮೀಟರು ಸೆಕೆಂಡಿಗೆ ಇಷ್ಟು ಮೀಟರು ಆಗಬೇಕಾದರೆ
ಐದು ಮೇಲೆ, ಹದಿನೆಂಟು ಕೆಳಗೆ,
ಮರೆತರೆ ನಿಮ್ಮ ರೈಲು ನಾಡಿದ್ದು ಬಂದೀತು.
ಕ್ಲಾಸು ನಕ್ಕಿತು.
ನಾನು ಕಡ್ಡಿಕಾಲಿನವನ ಹೆಗಲು ನೋಡುತ್ತಿದ್ದೆ.
ಸ್ಪ್ಯಾನರ್ ಇರಲಿಲ್ಲ.

ಅಪ್ಪನ ಹೆಗಲಲ್ಲಿ ಉಂಟು.
ಸುತ್ತಿಗೆ ಉಂಟು, ಸುತ್ತಿಟ್ಟ ಕೆಂಪು ಬಾವುಟ, ಹಸಿರು ಬಾವುಟ,
ಬುತ್ತಿಯಲ್ಲಿ ನಿನ್ನೆಯ ಬಂಗುಡೆ ಸಾರು.
ಕುಂಬಳೆಯಿಂದ ಮೊಗ್ರಾಲ್ ಸೇತುವೆ ದಾಟಿ
ಮರಳಿ ಕುಂಬಳೆಗೆ, ದಿನಾ,
ಹಳಿಯ ಕೀಲಿ ಒಂದೊಂದನ್ನೂ ತಟ್ಟಿ ಕೇಳುತ್ತ.
ಟಣ್ ಅಂದರೆ ಬಿಗಿ,
ಟಪ್ ಅಂದರೆ ಕೂತು ಬಡಿಯಬೇಕು.
ಅಪ್ಪನ ಲೆಕ್ಕದಲ್ಲಿ ಮೀಟರ್ ಇಲ್ಲ.
ಹೆಜ್ಜೆಗೊಂದು ಸ್ಲೀಪರು,
ಎಂಬತ್ತಮೂರು ಸ್ಲೀಪರಿಗೆ ಒಂದು ಕರೆಂಟು ಕಂಬ,
ಹತ್ತು ಕಂಬಕ್ಕೆ ಒಂದು ರೈಲು.

ರಾತ್ರಿ, ಉಪ್ಪುನೀರಿನ ಬಾಲ್ದಿಯಲ್ಲಿ ಕಾಲಿಟ್ಟು ಕೂತವರಿಗೆ
ಎಂಟನೆಯ ಲೆಕ್ಕ ಓದಿ ಹೇಳಿದೆ.
ಆ ಮನುಷ್ಯ ಯಾವ ಲೈನಿನಲ್ಲಿದ್ದಾನೆ?
ಕೊಟ್ಟಿಲ್ಲ.
ಗಾಳಿ ಯಾವ ಕಡೆಯಿಂದ?
ಅದೂ ಕೊಟ್ಟಿಲ್ಲ.
ಮತ್ತೆ ಅವನು ಯಾಕೆ ನಡೆಯುತ್ತಿದ್ದಾನೆ?
ರೈಲ್ ಬನ್ನಗ ಉಂತೊಡು, ಅಂದರು ತುಳುವಿನಲ್ಲಿ.
ಬರುವಾಗ ನಿಲ್ಲಬೇಕು.
ಜಲ್ಲಿಯಿಂದ ಕೆಳಗಿಳಿದು, ಮುಖ ಅದಕ್ಕೇ ಕೊಟ್ಟು,
ಕೊನೆಯ ಡಬ್ಬಿಯ ಬೆನ್ನಿನಲ್ಲಿ ಹಳದಿ ಗುಣಿಸು ಚಿಹ್ನೆ ಕಾಣುವ ತನಕ
ನಿಲ್ಲಬೇಕು.

ಒಂಬತ್ತನೆಯದರಲ್ಲಿ ಎರಡು ರೈಲು, ಎದುರುಬದುರು.
ಎರಡರ ವೇಗವನ್ನೂ ಕೂಡಿಸಬೇಕು, ಅಷ್ಟೇ, ಸುಲಭದ್ದು.
ಅಪ್ಪ ನೀರಿನಲ್ಲಿ ಹೆಬ್ಬೆರಳು ಆಡಿಸಿದರು.
ಒಂದರ ಸದ್ದು ಇನ್ನೊಂದನ್ನು ನುಂಗುತ್ತದೆ ಮಗಾ,
ಕುಂಞಂಬುವಿಗೆ ಹಾಗೇ ಆದದ್ದು.
ಹಿಂದಿನಿಂದ ನಾನು ಮಾರಿಕ್ಕೋ, ಮಾರಿಕ್ಕೋ ಅಂತ
ಅವನ ಭಾಷೆಯಲ್ಲೇ ಕೂಗಿದ್ದೆ.
ಕಾಲು ಒರೆಸಿಕೊಂಡು ಒಳಗೆ ಹೋದರು.
ಒಂಬತ್ತನೆಯ ಲೆಕ್ಕವನ್ನು ಮತ್ತೊಮ್ಮೆ ಓದಿದೆ.
ಎರಡು ಹಳಿಗಳ ನಡುವೆ
ಅವರು ಯಾರನ್ನೂ ಕೊಟ್ಟಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ಎಂಟನೆಯದೇ ಬಂತು.
ಬರೆದೆ:
ರೈಲು ಕಂಡೊಡನೆ ಮನುಷ್ಯ ನಿಲ್ಲುತ್ತಾನೆ.
ಆದ್ದರಿಂದ ಅವನ ವೇಗ ಸೊನ್ನೆ.
ಎಂಬತ್ತೈದು, ಐದು ಮೇಲೆ, ಹದಿನೆಂಟು ಕೆಳಗೆ.
ಉತ್ತರ: ಇಪ್ಪತ್ತೊಂದು ಸೆಕೆಂಡು ಚಿಲ್ಲರೆ.

ಪುಸ್ತಕದ ಹಿಂದಿನ ಪುಟದಲ್ಲಿ ಇಪ್ಪತ್ತು.
ನಡೆಯುತ್ತಲೇ ಇದ್ದರೆ ಇಪ್ಪತ್ತು, ಸರಿಯಾಗಿ, ಚಿಲ್ಲರೆಯಿಲ್ಲದೆ.
ಮಾಸ್ಟ್ರು ಉದ್ದಕ್ಕೆ ಕೆಂಪು ಗೀಟು ಎಳೆದು ಬರೆದಿದ್ದರು:
ನಿಲ್ಲುತ್ತಾನೆಂದು ಯಾರು ಹೇಳಿದ್ದು?
ಅದರಡಿಗೆ, ಪಾಲಕರ ಸಹಿ.

ಅಪ್ಪ ಪೆನ್ನು ಹಿಡಿದರು,
ಸುತ್ತಿಗೆ ಹಿಡಿದಷ್ಟು ಬಿಗಿಯಾಗಿ.
ದಿನಚರಿ ಪುಸ್ತಕದಲ್ಲಿ ಬರೆಯುವ ಹಾಗೆಯೇ
ಪೂರಾ ಬರೆದರು:
ಚನಿಯಪ್ಪ, ಕೀಮ್ಯಾನ್.
ಪೇಪರನ್ನು ಕೂಡಲೇ ಕೊಡಲಿಲ್ಲ.
ಚಿಲ್ಲರೆ ಅಂದರೆ ಎಷ್ಟು, ಕೇಳಿದರು.

ಗೋಡೆಗೆ ಒರಗಿ, ಅಂಗೈಯಲ್ಲೇ ಭಾಗಿಸಿದೆ.
ಒಂದು ಸೆಕೆಂಡನ್ನು ಹದಿನೇಳು ಚೂರು ಮಾಡಿದರೆ
ಅದರಲ್ಲಿ ಮೂರು.

ಹೂಂ, ಅಂದರು.
ಅದನ್ನು ಬಿಡಬಾರದಿತ್ತು.