ಎತ್ತರದ ಮೂಗು

ಕುರ್ಲಾದ ಇನಾಯತ್ ಮಡ್‌ಗಾರ್ಡಿಗೆ ಡ್ರಿಲ್ಲು ಹಿಡಿದು
ಒಮ್ಮೆ ತಲೆಯೆತ್ತಿ ಕೇಳಿದ:
"ಕೊರೆದ ಮೇಲೆ ಮುಚ್ಚಲಾಗದು ಮೇಡಂ. ಕೊರೆಯಲೇ?"
ನಾನು ಆಚೆ ನೋಡುತ್ತ ಹೂಂ ಅಂದೆ,
ಕೂಸಿನ ಕಿವಿ ಚುಚ್ಚಿಸುವಾಗ
ಅಕ್ಕಸಾಲಿಗನೆದುರು ತಾಯಂದಿರು ಅನ್ನುವ ಹಾಗೆ.

ಅಂದಿನಿಂದ ನನ್ನ ಹಳೇ ಜಿಪ್ಸಿಯ ಮೂಗು
ಮೂತಿಯಲ್ಲಿಲ್ಲ. ಗಾಜಿನ ಪಕ್ಕ
ಕರಿ ಕೊಳವೆಯಾಗಿ ಮೇಲೇರಿ
ನೆತ್ತಿಯ ಮಟ್ಟಕ್ಕೆ ಬಾಯ್ದೆರೆದು ನಿಂತಿದೆ.

"ಒಳಗೆ ಅನ್ನಕ್ಕಿಟ್ಟಿದ್ದೀಯೇನೇ?"
ಕೆಳಮನೆಯ ಪೆಡ್ನೇಕರ್ ಬಾಯಿ ಕೇಳುತ್ತಾಳೆ.
ವಾಚ್‌ಮನ್ ರಾಮ್‌ಸೂರತ್ ಅದನ್ನು ಸೊಂಡಿಲೆಂದು ನಂಬಿ
ಚೌತಿಯ ದಿನ ದಾಸವಾಳ ಸಿಕ್ಕಿಸಿದ.
ತಮ್ಮನಿಗಂತೂ ನಗು ತಡೆಯದು:
ಚೆಂಬೂರಿನಿಂದ ಪರೇಲಿನ ಲ್ಯಾಬಿಗೆ
ದಿನಾ ಆರರ ಪಾಳಿಗೆ ಹೋಗಿಬರುವವಳಿಗೆ
ಕಾಡು ದಾಟುವ ಸಾಮಾನೇ ಅಕ್ಕಾ?

ನೀರು, ವರ್ಷಕ್ಕೆ ಮೂರು ದಿನ.
ಮಿಕ್ಕಿದ್ದೆಲ್ಲ ಧೂಳು.
ಕೊಳವೆಯ ತಲೆಗೊಂದು ಪಾರದರ್ಶಕ ಬಟ್ಟಲು;
ಭಾನುವಾರ ಬಿಚ್ಚಿ ಕೊಡವಿದರೆ
ಒಂದು ಹಿಡಿ ಮೆಟ್ರೋ,
ಯಾರದೋ ಕೆಡವಿದ ಗೋಡೆ ಅರ್ಧ ಹಿಡಿ,
ಗುಲ್‌ಮೊಹರಿನ ಎಸಳು, ಜೇಡನ ಕಾಲು.
ಇಷ್ಟನ್ನು ಇಂಜಿನ್ನು ನುಂಗಲಿಲ್ಲ.
ಕಿಟಕಿ ತೆರೆದು ಕೂತವಳು ನಾನು;
ನನ್ನ ಬಟ್ಟಲು ಎಲ್ಲಿದೆ, ಯಾರು ಕೊಡವುತ್ತಾರೆ?

ಫ್ರೀವೇಯಲ್ಲಿ ಎಂಬತ್ತು ಮುಟ್ಟಿದರೆ
ಯಾರೋ ಕಿವಿಯ ಬಳಿಯೇ ಕೂತು
ಸಾಸರಿನಿಂದ ಬಿಸಿ ಚಹಾ ಹೀರುವ ಸದ್ದು.
ಒಬ್ಬಳೇ ಹೋಗುವವಳಿಗೆ ಅದೂ ಒಂದು ಜೊತೆ.

ಹೋದ ಜುಲೈ. ಗಾಂಧಿ ಮಾರ್ಕೆಟ್.
ಟ್ಯಾಕ್ಸಿಗಳು ಕಿಟಕಿಯವರೆಗೆ ಮುಳುಗಿ
ತೇಲಲೋ ಬೇಡವೋ ಅನ್ನುತ್ತಿದ್ದವು.
ನಾನು ಫೋರ್‌ವೀಲ್ ಹಾಕಿ ಒಂದನೇ ಗೇರಿನಲ್ಲಿ ಇಳಿದೆ.
ಇನಾಯತನ ಪಾಠ: ನಿಲ್ಲಬಾರದು, ಓಡಲೂಬಾರದು,
ಮುಂದೊಂದು ಅಲೆ ಎಬ್ಬಿಸಿ
ಅದರ ಬೆನ್ನಿಗೇ ಹೋಗಬೇಕು.
ಎದ್ದಿತು ಅಲೆ. ಹುಡುಗರ ಸಿಳ್ಳು, ಫೋನುಗಳು,
ಸೇತುವೆಯ ಮೇಲಿನಿಂದ ಚಪ್ಪಾಳೆ.
ದಾಟಿದೆ.

ದಾಟಿ ಕನ್ನಡಿ ನೋಡಿದರೆ
ನಾನು ನಿಂತರೂ ನನ್ನ ಅಲೆ ನಿಂತಿರಲಿಲ್ಲ.
ಪಕ್ಕಕ್ಕೆ ಹೊರಳಿ, ಫಾಲು-ಬೀಡಿಂಗ್ ಅಂಗಡಿಯ ಮುದುಕಿ
ಹೊಸ್ತಿಲಿಗೆ ಒಟ್ಟಿದ್ದ ಮರಳಿನ ಚೀಲ ಹತ್ತಿ
ಒಳಗೆ ಹೋಯಿತು;
ಹೊರಗೆ ಬರುವಾಗ ಒಂದು ಸ್ಟೂಲು ತಂದಿತು,
ಹಿಂದೆಯೇ ಫಾಲಿನ ಸುರುಳಿಗಳು, ಬಿಚ್ಚಿಕೊಳ್ಳುತ್ತ,
ಅರಿಸಿನ, ಗಿಳಿಹಸಿರು, ಮತ್ತೆ ಅರಿಸಿನ.
ಅವಳು ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ.
ಸೊಂಟದ ನೀರಿನಲ್ಲಿ ನಿಂತು
ಒಂದು ತುದಿ ಹಿಡಿದು ಸುತ್ತತೊಡಗಿದಳು.

ಮುಳುಗಿದವರಿಗೆ ಚಳಿಯೇನು, ಮಳೆಯೇನು ಅನ್ನುತ್ತಾರೆ.
ಮುಳುಗದವರ ಬಗ್ಗೆ ಗಾದೆಯಿಲ್ಲ.

ಈ ವರ್ಷ. ಅದೇ ತಿರುವು, ಅದೇ ನೀರು.
ಅಂಚಿನಲ್ಲಿ ನಿಲ್ಲಿಸಿಕೊಂಡಿದ್ದೇನೆ.
ಹಿಂದಿನಿಂದ ಹಾರನ್ನು: ಅಷ್ಟುದ್ದ ಮೂಗಿದೆಯಲ್ಲ, ಹೋಗಿ!
ತಡವಾಗುತ್ತದೆಂದು ಲ್ಯಾಬಿಗೆ ಫೋನು ಮಾಡಿದೆ.
"ಖಾಲಿ ಹೊಟ್ಟೆಯಲ್ಲಿ ಹದಿನಾರು ಜನ ಕೂತಿದ್ದಾರೆ,
ಏನು ಹೇಳಲಿ?" ಅಂದಳು ನೂರ್‌ಬಾನು.
ಏನು ಹೇಳಬೇಕೋ ನನಗೂ ತಿಳಿಯಲಿಲ್ಲ.

ಇಂಜಿನ್ನು ಸಣ್ಣಗೆ ಉಸಿರಾಡುತ್ತಿದೆ.
ಕೊಳವೆಗೆ ಬಿದ್ದ ಮಳೆ
ಕೆಳಗಿನ ಪುಟ್ಟ ತೂತಿನಿಂದ ತೊಟ್ಟಿಕ್ಕುತ್ತಿದೆ.
ಮುದುಕಿಯ ಹೊಸ್ತಿಲು ಈ ಸಲ
ಎರಡು ಇಟ್ಟಿಗೆ ಎತ್ತರವಾಗಿದೆ, ಗಾರೆ ಇನ್ನೂ ಹಸಿ.
ಅವಳು ನನ್ನನ್ನು ನೋಡಿದಳೋ, ಕೊಳವೆಯನ್ನೋ.

ಅಷ್ಟರಲ್ಲಿ ಎದುರಿನಿಂದ
ಕೆಂಪು ಬಸ್ಸೊಂದು ನೀರು ಸೀಳಿಕೊಂಡು ಬಂತು,
ಯಾರನ್ನೂ ಕೇಳದೆ, ಜನ ತುಂಬಿಕೊಂಡು.
ಅಲೆ ಏಳುತ್ತಿದೆ.
ರಸ್ತೆಯ ಈಚೆ ನಾನು, ಆಚೆ ಅವಳು,
ಇಬ್ಬರೂ ಎರಡನೇ ಇಟ್ಟಿಗೆಯನ್ನೇ ನೋಡುತ್ತಿದ್ದೇವೆ.