ನಿನ್ನೆಯ ಬ್ರೆಡ್ಡು

ಜುಲ್ಮೀರಾಳ ಬಲಗೈ ಮುರಿದದ್ದು ಬುಧವಾರ.
ಬಟ್ಟೆ ಒಣಹಾಕಲು ಹತ್ತಿದ ಸ್ಟೂಲು,
ಅದರ ಅಲುಗುವ ಕಾಲು ಸರಿಮಾಡುತ್ತೇನೆಂದು
ನಾನು ಎರಡು ವರ್ಷದಿಂದ ಹೇಳುತ್ತಿದ್ದೆ.
ಗುರುವಾರ ಮಧ್ಯಾಹ್ನ ನಾನು,
ಎಪ್ಪತ್ತೊಂದರ ಬೆಲ್ಮೀರೊ,
ಮೊದಲ ಸಲ ಒಲೆಯ ಮುಂದೆ ನಿಂತೆ.

ಕೊಡಲಿ ಹಿಡಿದ ಕೈ ಇದು.
ಅಲೆಂಟೇಜುವಿನ ಕಾರ್ಕ್ ಮರಗಳ ತೊಗಟೆಯನ್ನು
ಒಳಗಿನ ಹಸಿಮೈಗೆ ಗೀರು ತಾಗದ ಹಾಗೆ
ಕೋಟಿನಂತೆ ಕಳಚುವುದು ಗೊತ್ತು ಇದಕ್ಕೆ.
ಬೆಳ್ಳುಳ್ಳಿಯ ಸಿಪ್ಪೆ ಬಿಡಿಸುವುದು ಗೊತ್ತಿಲ್ಲ.

"ಎಷ್ಟು ಎಸಳು?"
"ಎಷ್ಟು ಜನ?"
"ಇಬ್ಬರೇ ಅಲ್ಲವೇನೇ."
"ಹಾಗಾದರೆ ನಾಲ್ಕು. ಸಣ್ಣವಾದರೆ ಐದು.
ಮನೆಯಲ್ಲಿ ಜಗಳವಾಗಿದ್ದರೆ ಆರು."

ನಾನು ಮಾತಾಡದೆ ಆರು ಬಿಡಿಸಿದೆ.

ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು
ನ್ಯಾಯಾಧೀಶೆಯ ಹಾಗೆ ಕೂತಿದ್ದಾಳೆ.
ಒರಳಿಗೆ ಕಲ್ಲುಪ್ಪು ಹಾಕು, ಅರೆ, ಇನ್ನೂ ಅರೆ,
ತಿರುವಬೇಡ, ಜಜ್ಜು.
"ಕೊತ್ತಂಬರಿ?"
"ಒಂದು ಹಿಡಿ."
"ಯಾರ ಹಿಡಿ? ನಿನ್ನದೋ ನನ್ನದೋ?"
ಈ ಪ್ರಶ್ನೆಗೆ ಅವಳು ಹೊತ್ತು ತೆಗೆದುಕೊಂಡಳು.
"ನಮ್ಮಮ್ಮನದು."

ಅತ್ತೆ ತೀರಿಕೊಂಡು ಮೂವತ್ತು ವರ್ಷ.
ನಾನು ನನ್ನ ಮುಷ್ಟಿಯನ್ನು
ತುಸು ಕಿರಿದು ಮಾಡಿದೆ.

ಮದುವೆಗೆ ಬಂದಿದ್ದ ಅಡುಗೆ ಪುಸ್ತಕವೊಂದಿದೆ ಮನೆಯಲ್ಲಿ,
ಚಿನ್ನದಂಚಿನ ಹಾಳೆ, ನಾಲ್ಕು ನೂರು ಬಗೆ.
ಒಂದು ಹನಿ ಎಣ್ಣೆ ಬಿದ್ದಿಲ್ಲ ಅದರ ಮೇಲೆ.
ಊಟದ ಮೇಜಿನ ಕುಂಟುಕಾಲಿಗೆ ಆಸರೆಯಾಗಿ ಕೂತಿದೆ,
ಅದೂ ನನ್ನದೇ ಕೆಲಸ.
ಅದರಲ್ಲಿ ಈ ಅಸೋರ್ದ ಇಲ್ಲ.
ಬಿಸಿನೀರು, ಒಣಬ್ರೆಡ್ಡು, ನಾಲ್ಕು ಎಸಳು,
ಇದನ್ನೂ ಯಾರಾದರೂ ಬರೆಯುತ್ತಾರೆಯೇ?

ಹೋದ ವರ್ಷ ಸೊಸೆಮಗಳು ಗ್ರಾಸಿಯೆತೆ
ಲಿಸ್ಬನ್ನಿನ ಹೋಟೆಲಿಗೆ ಕರೆದೊಯ್ದಿದ್ದಳು.
ಅಗಲ ತಟ್ಟೆಯ ನಡುವೆ ಇಷ್ಟೇ ಇಷ್ಟು ಅಸೋರ್ದ,
ಮೇಲೆ ಕೆಂಪು ಸಿಗಡಿ, ಪಕ್ಕದಲ್ಲೊಂದು ಹೂವು.
ಅದರ ಬೆಲೆಗೆ ನಮಗೆ ಒಂದು ತಿಂಗಳ ಬ್ರೆಡ್ಡು.
ಜುಲ್ಮೀರಾ ಚಮಚ ಬಾಯಿಗಿಟ್ಟು, ಕೆಳಗಿಟ್ಟು,
ಮಾಣಿಗೆ ಮೆಲ್ಲಗೆ ಹೇಳಿದಳು:
"ಮಗೂ, ಬ್ರೆಡ್ಡು ಇವತ್ತಿನದು."

ನಾನು ಹುಡುಗನಿದ್ದಾಗ ವಾರಕ್ಕೊಮ್ಮೆ ಬ್ರೆಡ್ಡು ಸುಡುತ್ತಿದ್ದರು.
ಶನಿವಾರದ ಹೊತ್ತಿಗೆ ಅದರಿಂದ ಮೊಳೆ ಹೊಡೆಯಬಹುದಿತ್ತು.
ಮೊಟ್ಟೆ ಮಾರುವುದಕ್ಕೆ, ತಿನ್ನುವುದಕ್ಕಲ್ಲ.
ಉಪ್ಪುಮೀನು ಬೇಯಿಸಿದ ನೀರನ್ನು
ಎಲ್ಲಿಂದಲೋ ಕೇಳಿ ತರುತ್ತಿದ್ದಳು ಅಮ್ಮ.
"ಮೀನೆಲ್ಲಿ?" ಅಂದರೆ,
"ಈಗಷ್ಟೆ ಸ್ನಾನ ಮುಗಿಸಿ ಎದ್ದು ಹೋಯಿತಲ್ಲೋ,
ನೀನು ನೋಡಲಿಲ್ಲವಾ?"
ನಾವು ನಕ್ಕು, ಆ ಸ್ನಾನದ ನೀರನ್ನು
ಬಟ್ಟಲು ನೆಕ್ಕಿ ಮುಗಿಸುತ್ತಿದ್ದೆವು.

ಆ ಬಡತನ ಹೋಯಿತು. ಅದು ಹೋದದ್ದಕ್ಕೆ
ನನಗೇನೂ ದುಃಖವಿಲ್ಲ.
ಅಂಗಡಿಯಲ್ಲೀಗ ದಿನಕ್ಕೆರಡು ಸಲ ಬಿಸಿ ಬ್ರೆಡ್ಡು.
ಆದರೂ ಅದು ಮರುದಿನ ಒಣಗುತ್ತದಲ್ಲ,
ಇದೊಂದನ್ನು ಯಾವ ಸರ್ಕಾರವೂ ನಿಲ್ಲಿಸಿಲ್ಲ.
ತೊಗಟೆ ತೆಗೆದ ಮರಕ್ಕೆ ಬಿಳಿ ಬಣ್ಣದಲ್ಲಿ
ವರ್ಷದ ಅಂಕಿ ಬರೆದು ಬರುತ್ತಿದ್ದೆವು ನಾವು,
ಒಂಬತ್ತು ವರ್ಷ ಮುಟ್ಟುವಂತಿಲ್ಲ.
ಇದಕ್ಕೆ ನೀರು ಕುದಿಯುವಷ್ಟು ಹೊತ್ತು ಸಾಕು.

ಕುದಿನೀರು ಹುಯ್ದೆ. ಹಸಿರು ಘಮ
ಒಮ್ಮೆಲೇ ಮೇಲೆದ್ದು ಕನ್ನಡಕ ಮಬ್ಬಾಯಿತು.
ಬ್ರೆಡ್ಡನ್ನು ಕೈಯಿಂದ ಮುರಿದು ಹಾಕಿದೆ,
ಚಾಕು ಬೇಡವಂತೆ, ಯಾಕೆಂದು ಕೇಳಲಿಲ್ಲ.
ಎರಡು ಮೊಟ್ಟೆ. ಒಂದು ಒಡೆದೇ ಹೋಯಿತು.
ಪರವಾಗಿಲ್ಲ, ಅಂದಳು, ಎಂದೂ ಹಾಗೆನ್ನದವಳು.

ಆಗಲೇ ಬಾಗಿಲಲ್ಲಿ ಲಿಯೋಕಾದಿಯಾ,
ಮುರಿದ ಕೈ ನೋಡಲು ಬಂದವಳು.
"ಇನ್ನೊಂದಿಷ್ಟು ನೀರು ಹಾಕು," ಅಂದಳು ಜುಲ್ಮೀರಾ,
ನನ್ನತ್ತ ತಿರುಗದೆಯೇ.

ಮೂವರೂ ಕೂತೆವು.
ಲಿಯೋಕಾದಿಯಾ ಒಂದು ಚಮಚ ಕುಡಿದು,
ನಾಲಿಗೆಯಲ್ಲಿ ಎಣಿಸುವವಳ ಹಾಗೆ ತಡೆದು,
ನನ್ನ ಮುಖ ನೋಡಿ, ಅವಳ ಮುಖ ನೋಡಿ,
"ಏನ್ರೀ, ಜಗಳವಾಡಿದಿರಾ?" ಎಂದಳು.

ಜುಲ್ಮೀರಾ ಎಡಗೈಯಲ್ಲಿ ಚಮಚ ಸರಿಮಾಡಿಕೊಳ್ಳುತ್ತ
ಕಿಟಕಿಯಾಚೆ ಅರ್ಧ ಒಣಗಿದ ಬಟ್ಟೆ ನೋಡುತ್ತಿದ್ದಳು.